ಗಾಳಿಗೂ ಒಂದು ದಾರಿ ಬೇಕು

ಆಟಿಕೆಯ ಡಬ್ಬಿಯ ಮೂಲೆಯಲ್ಲಿ ‘ಬ್ಯಾಟರಿ ಸೇರಿಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಅದೇ ಧಾಟಿಯಲ್ಲಿ ಒಂದು ಕಂಪ್ಯೂಟರ್ ಆಟಕ್ಕೆ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ ಎಂದು ಹೆಸರಿಟ್ಟಿದ್ದಾರೆ. ಎಂದರೆ ‘ಆಮ್ಲಜನಕ ಸೇರಿಲ್ಲ’. ಕೆನಡಾದ ವ್ಯಾಂಕೂವರ್ ನಗರದ ಕ್ಲೇ ಎಂಟರ್‌ಟೇನ್‌ಮೆಂಟ್ ಎಂಬ ಸಂಸ್ಥೆ ಮಾಡಿದ ಈ ಆಟ 2019ರ ಜುಲೈನಲ್ಲಿ ಪೂರ್ಣ ರೂಪದಲ್ಲಿ ಹೊರಬಂತು.

ಆಟದಲ್ಲಿ ಮೂರು ಪುಟ್ಟ ಮನುಷ್ಯರು ಒಂದು ಕ್ಷುದ್ರಗ್ರಹದ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುತ್ತಾರೆ. ಅವರಿಗೆ ಕೋಣೆ ತೋಡಿಕೊಡಬೇಕು, ಹಾಸಿಗೆ ಹಾಕಬೇಕು, ಊಟ ಕೊಡಬೇಕು, ಶೌಚಾಲಯ ಕಟ್ಟಬೇಕು. ಇವೆಲ್ಲಕ್ಕಿಂತ ಮೊದಲು ಉಸಿರಾಡಲು ಗಾಳಿ ಕೊಡಬೇಕು. ಅವರು ಬಿಟ್ಟ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ಹೋಗಿ ಕೂರುತ್ತದೆ. ಜಲಜನಕ ಚಾವಣಿಗೆ ಏರುತ್ತದೆ. ಎಲ್ಲೋ ಒಂದು ಗೋಡೆ ಒಡೆದರೆ ಕ್ಲೋರಿನ್ ನುಗ್ಗುತ್ತದೆ. ಯಾವ ಅನಿಲವನ್ನು ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಹೊರಗೆ ಕಳಿಸಬೇಕು, ಯಾವ ಬಾಗಿಲು ಯಾವಾಗ ತೆರೆಯಬೇಕು ಎನ್ನುವುದೇ ಆಟದ ಜೀವಾಳ.

ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಈ ಆಟದಲ್ಲಿ ಪಳಗಿದವಳು. “ತಾತ, ನಿಜವಾದ ಊರಲ್ಲಿ ಗಾಳಿ ನೋಡ್ಕೊಳ್ಳೋರು ಯಾರು?” ಎಂದು ಅವಳು ಕೇಳಿದ ಪ್ರಶ್ನೆಗೆ ಕುಳಿತಲ್ಲೇ ಉತ್ತರ ಹೇಳುವುದು ನನಗೆ ಸರಿಯೆನಿಸಲಿಲ್ಲ. ದಸರಾ ರಜೆಯ ಒಂದು ಶುಕ್ರವಾರ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ದಕ್ಷಿಣ ಬೆಂಗಳೂರು ಸುತ್ತಲು ಹೊರಟೆವು.

ಜಯನಗರದ ಹಳೆಯ ಮನೆಗಳು

ಜಯನಗರ ಯೋಜನೆ ಹಾಕಿ ಕಟ್ಟಿದ ಬಡಾವಣೆ. 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಇದಕ್ಕೆ ಚಾಲನೆ ಕೊಟ್ಟರು. ಆ ನೆನಪಿಗೆ ನಿಲ್ಲಿಸಿದ ಅಶೋಕ ಸ್ತಂಭ ಇವತ್ತಿಗೂ ನಿಂತಿದೆ. ಬ್ಲಾಕ್‌ಗಳ ಒಳರಸ್ತೆಗಳಲ್ಲಿ ನಡೆದರೆ ಅಪಾರ್ಟ್‌ಮೆಂಟುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳೆಯ ಮನೆ ಇನ್ನೂ ಉಳಿದಿದೆ. ಮುಂದೆ ಕಾಂಪೌಂಡು, ಒಂದು ಸಂಪಿಗೆ ಮರ, ಕೆಂಪು ರೆಡ್ ಆಕ್ಸೈಡ್ ನೆಲ, ಎತ್ತರದ ತಾರಸಿ. ಕಿಟಕಿಯ ಮೇಲೆ, ಚಾವಣಿಗೆ ಒಂದು ಮೊಳ ಕೆಳಗೆ, ಪುಟ್ಟ ವೆಂಟಿಲೇಟರ್.

“ಇಷ್ಟು ಮೇಲೆ ಯಾಕೆ ತಾತ? ಅಲ್ಲಿಂದ ಏನೂ ಕಾಣಲ್ಲ.”

ಅದು ಕಾಣಲು ಇಟ್ಟ ಕಿಂಡಿಯಲ್ಲ. ನಮ್ಮ ಮೈ ಬಿಸಿ, ಒಲೆಯ ಬಿಸಿ, ದೀಪದ ಬಿಸಿಗೆ ಗಾಳಿ ಹಿಗ್ಗಿ ಹಗುರವಾಗಿ ಮೇಲೇರುತ್ತದೆ. ಮೇಲಿನ ಕಿಂಡಿಯಿಂದ ಅದು ಹೊರಗೆ ಹೋದಷ್ಟೂ ಕೆಳಗಿನ ಕಿಟಕಿಯಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಕರೆಂಟು ಬೇಡ, ಫ್ಯಾನು ಬೇಡ. ಆಟದಲ್ಲಿ ಮೊಮ್ಮಗಳು ಪಂಪು, ಪೈಪು ಹಾಕಿ ಮಾಡುವ ಕೆಲಸವನ್ನು ಆ ಮನೆ ಕಟ್ಟಿದ ಮೇಸ್ತ್ರಿ ಎರಡು ರಂಧ್ರದಲ್ಲಿ ಮಾಡಿ ಮುಗಿಸಿದ್ದ. ಹೋಗುವುದಕ್ಕೊಂದು ದಾರಿ, ಬರುವುದಕ್ಕೊಂದು ದಾರಿ.

ಇಲ್ಲಿ ಒಂದು ಮಾತನ್ನು ಮಕ್ಕಳಿಗೆ ಹೇಳಿಬಿಡಬೇಕು. ಆಟದಲ್ಲಿ ಅನಿಲಗಳು ಪಾನಕ, ಎಣ್ಣೆ ಬೇರೆಯಾದ ಹಾಗೆ ಪದರ ಪದರವಾಗಿ ನಿಲ್ಲುತ್ತವೆ. ಅಲ್ಲಿ ಒಂದು ಚೌಕದಲ್ಲಿ ಒಂದೇ ಅನಿಲ ಇರಬಹುದು ಎನ್ನುವುದು ನಿಯಮ. ನಿಜವಾದ ಗಾಳಿ ಹಾಗಲ್ಲ. ಅದರಲ್ಲಿ ಶೇ 78ರಷ್ಟು ಸಾರಜನಕ, ಸುಮಾರು ಶೇ 21ರಷ್ಟು ಆಮ್ಲಜನಕ, ಉಳಿದದ್ದು ಆರ್ಗಾನ್ ಮತ್ತು ಅಲ್ಪಸ್ವಲ್ಪ ಇಂಗಾಲದ ಡೈಆಕ್ಸೈಡ್. ಇವೆಲ್ಲ ಒಮ್ಮೆ ಬೆರೆತರೆ ಮತ್ತೆ ತಾವಾಗಿ ಬೇರೆಯಾಗುವುದಿಲ್ಲ. ಹಾಗೆ ಆಗುವಂತಿದ್ದರೆ ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಆದರೆ ಗಾಳಿ ಆಡದ ಜಾಗದಲ್ಲಿ, ಭಾರದ ಅನಿಲ ಒಂದೇ ಸಮನೆ ಬಂದು ತುಂಬುತ್ತಿದ್ದರೆ, ಬೆರೆಯಲು ಸಮಯ ಸಿಗದೆ ಅದು ತಳದಲ್ಲೇ ಕೂರುತ್ತದೆ. ಅಪಾಯ ಇರುವುದು ಅಲ್ಲಿ.

ಅಡುಗೆ ಅನಿಲವೇ ಇದಕ್ಕೆ ಸಾಕ್ಷಿ. ನಮ್ಮ 14.2 ಕಿಲೋ ಸಿಲಿಂಡರಿನಲ್ಲಿರುವ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ನೀರಿನ ಹಾಗೆ ಹರಡಿ, ಮೂಲೆ ಹಿಡಿಯುತ್ತದೆ. ಈಗ ಅನೇಕ ಬಡಾವಣೆಗಳಿಗೆ ಗೇಲ್ ಗ್ಯಾಸ್ ಸಂಸ್ಥೆಯ ಕೊಳವೆ ಅನಿಲ ಬಂದಿದೆ. ಅದರಲ್ಲಿ ಹೆಚ್ಚಿನ ಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಸೋರಿದರೆ ಚಾವಣಿಗೆ ಹೋಗುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಅಡುಗೆಮನೆಗೆ ನೆಲದ ಹತ್ತಿರ ಗಾಳಿಕಿಂಡಿ ಬೇಕು, ಕೊಳವೆ ಅನಿಲದ ಮನೆಗೆ ಮೇಲೆ ಬೇಕು. ಎರಡಕ್ಕೂ ತಮ್ಮದೇ ಆದ ವಾಸನೆ ಹೆಚ್ಚೇನಿಲ್ಲ. ಸೋರಿದ್ದು ನಮಗೆ ತಿಳಿಯಲಿ ಎಂದೇ ಮರ್ಕ್ಯಾಪ್ಟನ್‌ನಂಥ ಗಬ್ಬುನಾತದ ವಸ್ತುವನ್ನು ಬೆರೆಸುತ್ತಾರೆ.

ಬಚ್ಚಲಲ್ಲಿರುವ ನೀರಿನ ಬಾಗಿಲು

ಆಟದಲ್ಲಿ ಒಂದು ಜಾಣತನದ ಉಪಾಯವಿದೆ ಎಂದು ಮೊಮ್ಮಗಳು ವಿವರಿಸಿದಳು. ಎರಡು ಕೋಣೆಗಳ ನಡುವೆ ‘ಯು’ ಆಕಾರದಲ್ಲಿ ತೋಡಿ ತಳಕ್ಕೆ ಸ್ವಲ್ಪ ನೀರು ಬಿಟ್ಟರೆ, ಮನುಷ್ಯರು ಅದನ್ನು ದಾಟಿ ಹೋಗಬಹುದು, ಅನಿಲ ದಾಟಲಾರದು. ಆಟಗಾರರು ಅದನ್ನು ನೀರಿನ ಬೀಗ ಎನ್ನುತ್ತಾರಂತೆ. “ಯಾರು ಕಂಡುಹಿಡಿದರೋ, ತುಂಬ ಬುದ್ಧಿವಂತರು” ಎಂದಳು.

ಜಯನಗರ 4ನೇ ಬ್ಲಾಕ್‌ನ ಒಂದು ಸ್ಯಾನಿಟರಿ ಅಂಗಡಿಯ ಮುಂದೆ ಅವಳನ್ನು ನಿಲ್ಲಿಸಿದೆ. ಹೊರಗೆ ಸಾಲಾಗಿ ಇಟ್ಟಿದ್ದರು: ಕೈತೊಳೆಯುವ ಬೇಸಿನ್ನಿನ ಕೆಳಗೆ ಹಾಕುವ ಬಾಟಲ್ ಟ್ರ್ಯಾಪ್, ಬಚ್ಚಲಿನ ನೆಲಕ್ಕೆ ಹಾಕುವ ನಹಾನಿ ಟ್ರ್ಯಾಪ್, ಕಮೋಡಿನ ಬಾಗಿದ ಕುತ್ತಿಗೆ. ಎಲ್ಲದರೊಳಗೂ ಒಂದೇ ಉಪಾಯ. ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಕೊಳಕು ನೀರು ಅದನ್ನು ತಳ್ಳಿಕೊಂಡು ಕೆಳಗೆ ಹೋಗುತ್ತದೆ, ಚರಂಡಿಯ ಅನಿಲ ಮಾತ್ರ ಅದನ್ನು ಮೀರಿ ಮನೆಯೊಳಗೆ ಬರಲಾರದು. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮ್ಮಿಂಗ್ ಎಂಬಾತ ಈ ಬಾಗು ಕೊಳವೆಗೆ 1775ರಲ್ಲೇ ಪೇಟೆಂಟ್ ಪಡೆದಿದ್ದ. ಆಟಗಾರರು ಮೆಚ್ಚುವ ಆ ಉಪಾಯ ಬೆಂಗಳೂರಿನ ಒಂದೊಂದು ಬಚ್ಚಲಲ್ಲೂ ಸದ್ದಿಲ್ಲದೆ ಕೆಲಸ ಮಾಡುತ್ತಿದೆ.

ಬೇಸಿಗೆ ರಜೆಗೆ ಮನೆ ಬೀಗ ಹಾಕಿ ಊರಿಗೆ ಹೋಗಿ, ಒಂದು ತಿಂಗಳಾದ ಮೇಲೆ ಬಂದು ಬಾಗಿಲು ತೆಗೆದಾಗ ಗಪ್ಪನೆ ನಾತ ಹೊಡೆಯುತ್ತದಲ್ಲ, ಅದರ ಗುಟ್ಟೂ ಇದೇ. ಟ್ರ್ಯಾಪಿನ ನೀರು ಆರಿಹೋಗಿರುತ್ತದೆ. ನೀರಿನ ಬಾಗಿಲು ತೆರೆದುಕೊಂಡಿರುತ್ತದೆ. ಒಂದೊಂದು ತೂತಿಗೂ ಒಂದು ಚೊಂಬು ನೀರು ಹಾಕಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ.

ತಮಾಷೆ ಏನೆಂದರೆ ನಮ್ಮ ಬೆಂಗಳೂರಿನವರ ಬಾಯಲ್ಲಿ ‘ಏರ್‌ಲಾಕ್’ ಎಂಬ ಪದಕ್ಕೆ ಬೇರೆಯೇ ಅರ್ಥ. ಕಾವೇರಿ ನೀರು ಬಿಟ್ಟ ದಿನ ನಲ್ಲಿ ತಿರುಗಿಸಿದರೆ ಮೊದಲು ಬುಸ್ಸೆಂದು ಗಾಳಿ ಬರುತ್ತದೆ. ಕೆಲವು ಸಲ ಮೇಲಿನ ಟ್ಯಾಂಕು ತುಂಬಿದ್ದರೂ ನಲ್ಲಿಯಲ್ಲಿ ನೀರೇ ಬರುವುದಿಲ್ಲ. ಪ್ಲಂಬರ್ ಬಂದು “ಪೈಪಲ್ಲಿ ಏರ್‌ಲಾಕ್ ಆಗಿದೆ ಸಾರ್” ಎನ್ನುತ್ತಾರೆ. ಪೈಪಿನ ಉಬ್ಬಿದ ಜಾಗದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಂಡು ನೀರನ್ನು ತಡೆದಿರುತ್ತದೆ. ಅಲ್ಲಿ ಗಾಳಿ ನೀರಿಗೆ ಬೀಗ, ಇಲ್ಲಿ ನೀರು ಗಾಳಿಗೆ ಬೀಗ. ಎರಡಕ್ಕೂ ಮದ್ದು ಒಂದೇ: ಸಿಕ್ಕಿಕೊಂಡ ಗಾಳಿಗೆ ಹೊರಗೆ ಹೋಗುವ ದಾರಿ ಮಾಡಿಕೊಡುವುದು. ಹಳೆಯ ಮನೆಗಳ ತಾರಸಿಯ ಮೇಲೆ ತಲೆಗೆ ಟೋಪಿ ಹಾಕಿಕೊಂಡು ಎತ್ತರಕ್ಕೆ ನಿಂತ ಕೊಳವೆ ಇರುತ್ತದಲ್ಲ, ಅದು ಚರಂಡಿ ಗಾಳಿಯ ದಾರಿ, ವೆಂಟ್ ಪೈಪ್.

ಹಂಡೆ ಒಲೆ ಹೋಗಿ ಗೀಸರ್ ಬಂದಾಗ

ನಾನು ಚಿಕ್ಕವನಿದ್ದಾಗ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಇತ್ತು. ಅದರ ಕೆಳಗೆ ಸೌದೆ ಒಲೆ, ಒಲೆಯ ಹಿಂದೆ ಹೊಗೆ ಹೋಗುವ ಗೂಡು. ಕೆಲವು ಮನೆಗಳಲ್ಲಿ ಒಲೆಯ ಬಾಯಿಯನ್ನು ಬಚ್ಚಲಿನ ಹೊರಗೇ ಇಟ್ಟಿರುತ್ತಿದ್ದರು. ಹೆಂಚಿನ ಸಂದುಗಳಿಂದ ಬೆಳಕೂ ಬರುತ್ತಿತ್ತು, ಗಾಳಿಯೂ ಬರುತ್ತಿತ್ತು. ಚಳಿಗೆ ಬೈದುಕೊಂಡೇ ಸ್ನಾನ ಮಾಡುತ್ತಿದ್ದೆವು.

ಈಗಿನ ಬಚ್ಚಲು ಚಿಕ್ಕದು, ಟೈಲ್ಸ್ ಹಾಕಿದ್ದು, ಬಾಗಿಲು ಬಿಗಿಯಾಗಿ ಮುಚ್ಚುವಂಥದ್ದು. ಅದರೊಳಗೆ ಗ್ಯಾಸ್ ಗೀಸರ್ ಕೂರಿಸಿದರೆ ಏನಾಗುತ್ತದೆ ನೋಡಿ. ಒಂದು ಪಾಲು ಎಲ್‌ಪಿಜಿ ಪೂರ್ತಿ ಉರಿಯಲು 25ರಿಂದ 30 ಪಾಲು ಗಾಳಿ ಬೇಕು. ಕಿಟಕಿ ಮುಚ್ಚಿದ ಪುಟ್ಟ ಕೋಣೆಯ ಆಮ್ಲಜನಕ ಬೇಗ ಕಡಿಮೆಯಾಗುತ್ತದೆ. ಆಗ ಅನಿಲ ಅರೆಬರೆ ಉರಿಯುತ್ತದೆ, ಇಂಗಾಲದ ಡೈಆಕ್ಸೈಡ್ ಬದಲು ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಬೇರೊಬ್ಬರು ಕೂತು ಏಳದೇ ಇದ್ದರೆ ನಿಮಗೆ ಜಾಗವಿಲ್ಲ ತಾನೆ? ಹಾಗೆ ಆಮ್ಲಜನಕಕ್ಕೆ ರಕ್ತದಲ್ಲಿ ಜಾಗವಿಲ್ಲದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುವುದು. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

“ಆಟದಲ್ಲಾದರೆ ಕೆಂಪು ಗುರುತು ಬರುತ್ತೆ ತಾತ, ಉಸಿರುಕಟ್ತಿದೆ ಅಂತ” ಎಂದಳು ಮೊಮ್ಮಗಳು. ಬಚ್ಚಲಲ್ಲಿ ಅಂಥ ಗುರುತು ಬರುವುದಿಲ್ಲ. ಗ್ಯಾಸ್ ಗೀಸರ್ ಬಚ್ಚಲಿನ ಹೊರಗಿರಬೇಕು, ಬಯಲಿಗೆ ತೆರೆದ ಜಾಗದಲ್ಲಿ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಅಜ್ಜಿಯರ ಕಾಲದ ಹಂಡೆ ಒಲೆಯ ಬಾಯಿ ಹೊರಗಿದ್ದದ್ದು ಸುಮ್ಮನೆ ಅಲ್ಲ.

ಯಡಿಯೂರಿನ ರಸ್ತೆಯಲ್ಲಿ ಒಂದು ಮುಚ್ಚಳ

ಅಲ್ಲಿಂದ ಯಡಿಯೂರು ಕೆರೆಯ ಕಡೆಗೆ ನಡೆದೆವು. ದಾರಿಯುದ್ದಕ್ಕೂ ರಸ್ತೆಯ ನಡುವೆ ಮ್ಯಾನ್‌ಹೋಲ್‌ಗಳ ಗುಂಡನೆ ಮುಚ್ಚಳಗಳು. ಮೊಮ್ಮಗಳು ಒಂದರ ಪಕ್ಕ ನಿಂತು, “ಬಚ್ಚಲಿನ ನೀರಿನ ಬಾಗಿಲ ಆ ಕಡೆ ಇರೋದು ಇದೇ ತಾನೆ?” ಎಂದಳು. ಹೌದು, ಇದೇ.

ಆ ಮುಚ್ಚಳದ ಕೆಳಗೆ ಕೊಳೆತ ವಸ್ತುವಿನಿಂದ ಮೀಥೇನ್ ಹುಟ್ಟುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಎರಡನೆಯದು ಗಾಳಿಗಿಂತ ಸ್ವಲ್ಪ ಭಾರ, ಮತ್ತು ಮಹಾ ಮೋಸಗಾರ. ಕಡಿಮೆ ಇದ್ದಾಗ ಮೂಗಿಗೆ ಹೊಡೆಯುತ್ತದೆ, ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವ ಹೊತ್ತಿಗೆ ಮನುಷ್ಯ ಕುಸಿದಿರುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನೂ, ಮೂರನೆಯವನೂ ಅಲ್ಲೇ ಉಳಿಯುತ್ತಾರೆ.

ನಮ್ಮ ಹಳ್ಳಿಗರಿಗೆ ಈ ವಿದ್ಯೆ ಗೊತ್ತಿತ್ತು. ಹಿಂದೆ ಜೋಳ, ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗಿ, ಇಂಗಾಲದ ಡೈಆಕ್ಸೈಡ್ ತುಂಬಿ, ಹುಳುಗಳು ಸಾಯುತ್ತಿದ್ದವು. ಧಾನ್ಯ ಬಹುಕಾಲ ಕೆಡದೆ ಉಳಿಯುತ್ತಿತ್ತು. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಗಾಳಿ ಆಡಿದ ಮೇಲೆ, ದೀಪ ಇಳಿಬಿಟ್ಟು ನೋಡಿ, ಅದು ಆರದೇ ಇದ್ದರೆ ಮಾತ್ರ ಇಳಿಯುತ್ತಿದ್ದರು. ಹಾಳು ಬಾವಿಗೂ ಇದೇ ಪರೀಕ್ಷೆ. ಮ್ಯಾನ್‌ಹೋಲ್‌ಗೆ ಮಾತ್ರ ದೀಪ ತೋರಿಸಬಾರದು. ಅಲ್ಲಿ ಮೀಥೇನ್ ಇರುವುದರಿಂದ ಸಿಡಿಯಬಹುದು. ಅದಕ್ಕೆ ಅನಿಲ ಅಳೆಯುವ ಉಪಕರಣ ಬೇಕು.

ಇನ್ನೂ ಒಳ್ಳೆಯದು ಮನುಷ್ಯ ಇಳಿಯದೇ ಇರುವುದು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ ಇದಕ್ಕಾಗಿಯೇ ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಕ್ಷಣಾ ಸಾಧನವಿಲ್ಲದೆ ಯಾರನ್ನೂ ಚರಂಡಿಯೊಳಗೆ ಇಳಿಸಬಾರದು ಎಂದು 2013ರ ಕಾಯ್ದೆ ಹೇಳುತ್ತದೆ. ಹಾಗೆ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಈಗ ಚರಂಡಿ ಕಟ್ಟಿದರೆ ಜಲಮಂಡಳಿಯ ಜೆಟ್ಟಿಂಗ್ ಯಂತ್ರದ ಲಾರಿ ಬರಬೇಕು. ಯಾರಾದರೂ “ಇಳಿದು ತೆಗೀತೀನಿ ಸಾರ್, ಐನೂರು ಕೊಡಿ” ಎಂದರೆ ಬೇಡ ಎನ್ನುವುದು ಮನೆಯವರ ಕೆಲಸ. ಇದನ್ನು ಕೇಳಿದ ಮೇಲೆ ಮೊಮ್ಮಗಳು ಸ್ವಲ್ಪ ದೂರ ಮಾತಾಡಲಿಲ್ಲ. ಆಮೇಲೆ, “ಆಟದಲ್ಲಿ ನಾನು ಯಾರನ್ನಾದ್ರೂ ಕೆಟ್ಟ ಗಾಳಿಗೆ ಕಳಿಸಿ ಅವರು ಸತ್ತುಹೋದ್ರೆ ಹಿಂದಿನ ಸೇವ್‌ಗೆ ಹೋಗ್ತೀನಿ” ಎಂದಳು. ಅಷ್ಟೇ.

ಬನಶಂಕರಿಯಲ್ಲಿ ದೀಪದ ನಾಲಗೆ

ಜಯನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಬನಶಂಕರಿಯಲ್ಲಿ ಇಳಿದಾಗ ಹತ್ತೂಮುಕ್ಕಾಲು. ಶುಕ್ರವಾರದ ರಾಹುಕಾಲ ಶುರುವಾಗಿತ್ತು. ಬನಶಂಕರಿ ಅಮ್ಮನ ಗುಡಿಯಲ್ಲಿ ಆ ಹೊತ್ತಿಗೆ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು. ಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗು ಹೊರಗು ಮಗುಚಿ, ಬಟ್ಟಲಂತೆ ಮಾಡಿ, ತುಪ್ಪ ಎರೆದು ಬತ್ತಿ ಇಡುತ್ತಾರೆ.

ನೂರಾರು ಪುಟ್ಟ ಜ್ವಾಲೆಗಳು, ಒಂದೊಂದೂ ಮೇಲ್ಮುಖವಾಗಿ ಚೂಪಾಗಿ. ಯಾಕೆ ಚೂಪು? ಉರಿದ ಬಿಸಿ ಅನಿಲ ಹಗುರವಾಗಿ ಮೇಲೆ ಹೋಗುತ್ತದೆ, ಬುಡದಿಂದ ಹೊಸ ಗಾಳಿ ಬಂದು ಜ್ವಾಲೆಯನ್ನು ಎಳೆದು ನೀಳ ಮಾಡುತ್ತದೆ. ಜಯನಗರದ ಮನೆಯ ಕಿಟಕಿ, ವೆಂಟಿಲೇಟರ್ ಮಾಡುವ ಕೆಲಸವೇ ಒಂದು ಬತ್ತಿಯ ಸುತ್ತ ನಡೆಯುತ್ತದೆ. ತೂಕವೇ ಇಲ್ಲದಂತಿರುವ ಅಂತರಿಕ್ಷ ನಿಲ್ದಾಣದಲ್ಲಿ ಜ್ವಾಲೆ ಹೀಗಿರುವುದಿಲ್ಲ, ಗೋಲಿಯಂತೆ ಗುಂಡಗಿರುತ್ತದೆ. ಅಲ್ಲಿ ಬಿಸಿ ಗಾಳಿಗೆ ‘ಮೇಲೆ’ ಎನ್ನುವುದೇ ಇಲ್ಲ. ಅದಕ್ಕೇ ಅಲ್ಲಿ ಫ್ಯಾನುಗಳು ಸದಾ ತಿರುಗುತ್ತಿರಬೇಕು. ಇಲ್ಲದಿದ್ದರೆ ಮಲಗಿದವರ ಮೂಗಿನ ಮುಂದೆ ಅವರದೇ ಉಸಿರು ಮೋಡದಂತೆ ನಿಂತುಬಿಡುತ್ತದೆ.

ಸಾರಕ್ಕಿ ಕೆರೆಯ ಉಸಿರು

ಮುಂದಿನ ನಿಲ್ದಾಣ ಜಯಪ್ರಕಾಶ ನಗರ. ಅಲ್ಲಿಂದ ಆಟೊದಲ್ಲಿ ಸಾರಕ್ಕಿ ಕೆರೆ. 2015ರ ಏಪ್ರಿಲ್‌ನಲ್ಲಿ ಈ ಕೆರೆಯ ಒತ್ತುವರಿ ತೆರವು ಮಾಡಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ದಂಡೆಯ ಮೇಲೆ ನಿಂತು ನೋಡಿದರೆ ನೀರುಕಾಗೆ, ಕೊಕ್ಕರೆ. ಮೊಮ್ಮಗಳು ದಂಡೆಯ ಹತ್ತಿರ ಏಳುತ್ತಿದ್ದ ಗುಳ್ಳೆಗಳನ್ನು ತೋರಿಸಿದಳು.

ಕೆರೆಗೂ ಗಾಳಿ ಬೇಕು. ನೀರಿನ ಮೇಲ್ಮೈಯಲ್ಲಿ ಗಾಳಿಯ ಆಮ್ಲಜನಕ ಕರಗುತ್ತದೆ, ಪಾಚಿ ಮತ್ತು ಜಲಸಸ್ಯಗಳು ಹಗಲಲ್ಲಿ ಇನ್ನಷ್ಟು ಸೇರಿಸುತ್ತವೆ. ಮೀನು ಉಸಿರಾಡುವುದು ಅದನ್ನೇ. ಕೊಳಚೆ ನೀರು ಬಂದು ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತವೆ. ತಳದ ಹೂಳಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ಸೇರಿಕೊಂಡು ಮೀಥೇನ್ ಬಿಡುತ್ತವೆ. ಕೆರೆಯ ತಳದಿಂದ ಏಳುವ ಗುಳ್ಳೆಗಳಲ್ಲಿ ಅದೂ ಇರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಕಾರಣವಾಗಿ ಕಂಡದ್ದು ನೀರಿನಲ್ಲಿ ಆಮ್ಲಜನಕದ ಕೊರತೆ. ಬಿಟಿಎಂ ಬಡಾವಣೆಯ ಮಡಿವಾಳ ಕೆರೆಯಿಂದ ಹರಿಯುವ ನೀರು ಅಗರ ಕೆರೆಯ ಮೂಲಕ ಹೋಗಿ ಸೇರುವ ಬೆಳ್ಳಂದೂರು ಕೆರೆಯಂತೂ 2017ರ ಫೆಬ್ರುವರಿಯಲ್ಲಿ ಹೊತ್ತಿಕೊಂಡು ಹೊಗೆಯಾಡಿತು. ನೀರಿಗೆ ಬೆಂಕಿ ಬಿದ್ದದ್ದನ್ನು ಕಥೆಯಲ್ಲಿ ಕೇಳಿದ್ದ ನಾವು ಟಿವಿಯಲ್ಲಿ ನೋಡಿದೆವು.

ಕೆಲವು ಕೆರೆಗಳಲ್ಲಿ ನೀರು ಚಿಮ್ಮುವ ಕಾರಂಜಿ ಇಟ್ಟಿರುತ್ತಾರೆ. ಅದು ಬರೀ ಅಂದಕ್ಕಲ್ಲ. ನೀರನ್ನು ಗಾಳಿಗೆ ಎರಚಿ ಆಮ್ಲಜನಕ ಬೆರೆಸುವ ಉಪಾಯವೂ ಹೌದು.

ಸಿಲ್ಕ್ ಬೋರ್ಡಿನ ಕಾಣದ ಮುಚ್ಚಳ

ಮತ್ತೆ ಮೆಟ್ರೊ. ಆರ್‌.ವಿ. ರಸ್ತೆ ನಿಲ್ದಾಣದಲ್ಲಿ ಬದಲಿಸಿ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದ ರೈಲಿನಲ್ಲಿ ರಾಗಿಗುಡ್ಡ, ಜಯದೇವ, ಬಿಟಿಎಂ ದಾಟಿ ಸಿಲ್ಕ್ ಬೋರ್ಡ್ ತಲುಪಿದೆವು. ಮೇಲಿಂದ ನೋಡಿದರೆ ಕೆಳಗೆ ಕಾರು, ಬಸ್ಸು, ಲಾರಿ, ಸ್ಕೂಟರುಗಳ ಹೊಳೆ, ಹರಿಯದೆ ನಿಂತ ಹೊಳೆ.

“ಇಲ್ಲಿ ಗೋಡೆ ಇಲ್ಲ, ಚಾವಣಿ ಇಲ್ಲ. ಹೊಗೆ ಆಕಾಶಕ್ಕೆ ಹೋಗಿಬಿಡುತ್ತೆ ಅಲ್ವ?” ಎಂದಳು. ಬಹುಪಾಲು ಹೊತ್ತು ಹೌದು. ಬಿಸಿಲಿಗೆ ನೆಲ ಕಾದು, ಗಾಳಿ ಮೇಲೆದ್ದು ಹೊಗೆಯನ್ನು ಹೊತ್ತೊಯ್ಯುತ್ತದೆ. ಆದರೆ ಮಾಗಿಯ ಬೆಳಗಿನ ಜಾವ ಬೇರೆ ಕಥೆ. ರಾತ್ರಿಯಿಡೀ ನೆಲ ತಣ್ಣಗಾಗಿ ಅದಕ್ಕಂಟಿದ ಗಾಳಿಯೂ ತಣ್ಣಗಾಗಿರುತ್ತದೆ. ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿಯ ಪದರ. ಕೆಳಗಿನ ತಣ್ಣನೆಯ ಗಾಳಿ ಭಾರ, ಅದು ಏಳುವುದಿಲ್ಲ. ಪಾತ್ರೆಗೆ ತಟ್ಟೆ ಮುಚ್ಚಿದಂತೆ ಹೊಗೆಯೆಲ್ಲ ಕೆಳಗೇ ಉಳಿಯುತ್ತದೆ. ಬಿಸಿಲೇರಿದ ಮೇಲೆ ಆ ಮುಚ್ಚಳ ತೆರೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಉಬ್ಬಸ ಇರುವ ಅಜ್ಜ ಅಜ್ಜಿಯರು ದೊಡ್ಡ ರಸ್ತೆಯ ಪಕ್ಕ ನಸುಕಿನಲ್ಲಿ ವಾಕಿಂಗ್ ಮಾಡುವ ಬದಲು, ಸೂರ್ಯ ಮೇಲೆ ಬಂದ ಮೇಲೆ ಪಾರ್ಕಿನಲ್ಲಿ ನಡೆಯುವುದು ಮೇಲು.

ಊರಿನ ಗಾಳಿ ನೋಡಿಕೊಳ್ಳುವವರು ಯಾರು ಎಂಬ ಅವಳ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆ. ಸಿಲ್ಕ್ ಬೋರ್ಡ್, ಬಿಟಿಎಂ ಬಡಾವಣೆ ಮತ್ತು ಜಯನಗರ 5ನೇ ಬ್ಲಾಕ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗಳ ಗಾಳಿ ಅಳೆಯುವ ಕೇಂದ್ರಗಳಿವೆ. ಹಗಲೂ ರಾತ್ರಿ ಗಾಳಿಯನ್ನು ಒಳಗೆಳೆದುಕೊಂಡು ದೂಳು, ಸಾರಜನಕದ ಆಕ್ಸೈಡುಗಳು, ಇಂಗಾಲದ ಮಾನಾಕ್ಸೈಡ್, ಓಝೋನ್ ಎಷ್ಟಿವೆ ಎಂದು ಅಳೆಯುತ್ತವೆ. ಆ ಅಂಕಿಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದು. ಆಟದಲ್ಲಿ ಗುಂಡಿ ಒತ್ತಿದರೆ ಗಾಳಿ ಬಣ್ಣ ಬಣ್ಣವಾಗಿ ಕಾಣುತ್ತದಂತೆ. ಇದು ನಮ್ಮ ಊರಿನ ಗುಂಡಿ. ಒತ್ತಿ ನೋಡುವವರು ಮಾತ್ರ ಕಡಿಮೆ.

ಡೇರಿ ಸರ್ಕಲ್ಲಿನ ಎರಡು ಬಾಗಿಲು

ಕೊನೆಯದಾಗಿ ಬಸ್ಸು ಹಿಡಿದು ಡೇರಿ ಸರ್ಕಲ್‌ಗೆ ಹೋದೆವು. ಬನ್ನೇರುಘಟ್ಟ ರಸ್ತೆಯ ಮೇಲೆ ಕಂಬಗಳ ಮೇಲೇ ಬರುವ ಗುಲಾಬಿ ಮಾರ್ಗ, ತಾವರೆಕೆರೆ ದಾಟಿದ ಮೇಲೆ ಇಲ್ಲಿ ನೆಲದೊಳಗೆ ಇಳಿಯುತ್ತದೆ. ಮುಂದೆ ನಾಗವಾರದವರೆಗೆ ಸುರಂಗ. ಅದನ್ನು ಕೊರೆಯಲು 9 ಯಂತ್ರಗಳನ್ನು ಬಳಸಿದರು. ಊರ್ಜಾ, ಅವನಿ, ತುಂಗಾ, ಭದ್ರಾ ಎಂದೆಲ್ಲ ಅವಕ್ಕೆ ಹೆಸರಿತ್ತು. ಸುರಂಗ ಕೊರೆಯುವ ಕೆಲಸ 2024ರಲ್ಲಿ ಮುಗಿಯಿತು.

ಆಟದಲ್ಲಿರುವಂಥ ನಿಜವಾದ ಏರ್‌ಲಾಕ್ ಇಂಥ ಯಂತ್ರಗಳಲ್ಲಿ ಇರುತ್ತದೆ. ಮುಂದಿನ ಕೊರೆಯುವ ಚಕ್ರದ ಹಲ್ಲು ಸವೆದರೆ ಮನುಷ್ಯ ಅಲ್ಲಿಗೆ ಹೋಗಿ ಬದಲಿಸಬೇಕು. ಸಡಿಲ ಮಣ್ಣಾದರೆ ಮಣ್ಣೂ ನೀರೂ ಕುಸಿಯದಂತೆ ಒತ್ತಡದ ಗಾಳಿ ತುಂಬಿ ಅದನ್ನು ತಡೆದಿರುತ್ತಾರೆ. ಮಾಮೂಲಿ ಗಾಳಿಯಿಂದ ಒತ್ತಡದ ಗಾಳಿಗೆ ನೇರ ಬಾಗಿಲು ತೆರೆದರೆ ಗಾಳಿಯೆಲ್ಲ ಹೊರಗೆ ನುಗ್ಗಿಬಿಡುತ್ತದೆ. ಅದಕ್ಕೇ ನಡುವೆ ಒಂದು ಚಿಕ್ಕ ಕೋಣೆ, ಅದಕ್ಕೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು. ಒಳಗೆ ಕೂತವರ ಸುತ್ತ ಒತ್ತಡವನ್ನು ನಿಧಾನವಾಗಿ ಏರಿಸುತ್ತಾರೆ, ಬರುವಾಗ ಇನ್ನೂ ನಿಧಾನವಾಗಿ ಇಳಿಸುತ್ತಾರೆ. ಅವಸರ ಮಾಡಿದರೆ ರಕ್ತದಲ್ಲಿ ಕರಗಿದ ಸಾರಜನಕ, ಸೋಡಾ ಬಾಟಲಿ ತೆರೆದಾಗ ಬರುವಂತೆ ಗುಳ್ಳೆಗಟ್ಟುತ್ತದೆ.

2025ರ ಜೂನ್ 25ರಂದು ಹೊರಟು ಅಂತರಿಕ್ಷ ನಿಲ್ದಾಣಕ್ಕೆ ಹೋಗಿ ಬಂದ ಶುಭಾಂಶು ಶುಕ್ಲಾ ಅವರು ಬದುಕಿದ್ದೂ ಇದೇ ಲೆಕ್ಕದಲ್ಲಿ. ಅಲ್ಲಿ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕ ಮಾಡುತ್ತಾರೆ. 9 ಗ್ರಾಂ ನೀರಿಗೆ 8 ಗ್ರಾಂ ಆಮ್ಲಜನಕ, 1 ಗ್ರಾಂ ಜಲಜನಕ. ಆಟದಲ್ಲಿನ ಯಂತ್ರವೂ ಸುಮಾರು ಇದೇ ಪ್ರಮಾಣದಲ್ಲಿ ಕೊಡುತ್ತದೆ ಎಂದು ಮೊಮ್ಮಗಳು ಲೆಕ್ಕ ಹಾಕಿ ತೋರಿಸಿದಳು. 888 ಗ್ರಾಂ, 112 ಗ್ರಾಂ. ಆಟ ಬರೆದವರು ರಸಾಯನಶಾಸ್ತ್ರದ ಪುಸ್ತಕ ತೆಗೆದು ನೋಡಿದ್ದಾರೆ.

ಅಂತರಿಕ್ಷದಲ್ಲಾಗಲಿ, ಸುರಂಗದಲ್ಲಾಗಲಿ, ಬಚ್ಚಲಲ್ಲಾಗಲಿ ನಿಯಮ ಒಂದೇ. ಗಾಳಿಗೆ ಬರಲು ದಾರಿ ಇರಬೇಕು, ಹೋಗಲು ದಾರಿ ಇರಬೇಕು. ಮುಚ್ಚಲೇಬೇಕಾದ ಬಾಗಿಲನ್ನು ಯಾಕೆ ಮುಚ್ಚಿದ್ದೇವೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಈ ವಾರ ಮೊಮ್ಮಕ್ಕಳೂ ಅಜ್ಜ ಅಜ್ಜಿಯರೂ ಸೇರಿ ನಿಮ್ಮ ಮನೆಯ ಗಾಳಿಯನ್ನು ಹೀಗೆ ನೋಡಿ:

ಗ್ಯಾಸ್ ಗೀಸರ್ ಬಚ್ಚಲಿನ ಒಳಗಿದ್ದರೆ ಇವತ್ತೇ ದೊಡ್ಡವರಿಗೆ ಹೇಳಿ. ಹೊರಗೆ ಹಾಕಿಸುವವರೆಗೆ ಬಳಸುವುದು ಬೇಡ.

ವೆಂಟಿಲೇಟರ್‌ಗೆ ರಟ್ಟು, ಪೇಪರು ಅಂಟಿಸಿ ಮುಚ್ಚಿದ್ದರೆ ತೆಗೆಯಿರಿ. ಸೊಳ್ಳೆಗೆ ಜಾಲರಿ ಸಾಕು.

ಬಳಸದ ಬಚ್ಚಲಿನ ನೆಲದ ತೂತಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ.

ಗ್ಯಾಸ್ ಸ್ಟೌವಿನ ರಬ್ಬರ್ ಟ್ಯೂಬಿನ ಮೇಲೆ ತಾರೀಖು ಇರುತ್ತದೆ, ಓದಿ. 5 ವರ್ಷ ಕಳೆದಿದ್ದರೆ ಬದಲಿಸಿ.

ಅಡುಗೆ ಅನಿಲದ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ.